ಮಗುಚಿ ಬಿದ್ದ ಬಲಗಾಲಿನ ಬೂಟು

೨೦೧೯ರ ಮಾರ್ಚ್ ೧೨, ಬೆಳಿಗ್ಗೆ ೯ ಗಂಟೆ ೪೦ ನಿಮಿಷ. ಲೇಸಿನ ಕೆಳಗಿರುವ ನನ್ನ ನಾಲಗೆಯ ಒಳಮೈಯಲ್ಲಿ ಹೀಗೆಂದು ಅಚ್ಚಾಗಿದೆ. ನಾನು ಒಂದು ಬಲಗಾಲಿನ ಬೂಟು. ಆ ಹೊತ್ತಿಗೆ ಕಾರ್ಖಾನೆಯೊಂದರಲ್ಲಿ ನನಗೆ ಅಟ್ಟೆ ಅಂಟಿಸಿದರು. ಎಡಗಾಲಿನ ಜೊತೆಗಾರ ನನಗಿಂತ ಅರ್ಧ ನಿಮಿಷ ಕಿರಿಯ.

ರಸ್ತೆ ತುಳಿಯುವ ಯೋಗ ನಮಗಿರಲಿಲ್ಲ. ಮೈಸೂರಿನಲ್ಲಿ ವಿಡಿಯೋ ಗೇಮ್ ತಯಾರಿಸುವ ಸಣ್ಣ ಸ್ಟುಡಿಯೋವೊಂದು ನಮ್ಮನ್ನು ಕೊಂಡಿತು. ಅಲ್ಲಿನ ಅನಿಮೇಟರ್ ರುಬೀನಾ ನಮ್ಮ ತುದಿಗೂ ಹಿಮ್ಮಡಿಗೂ ಗೋಲಿಯಂಥ ಹೊಳೆಯುವ ಗುಂಡುಗಳನ್ನು ಅಂಟಿಸಿದಳು. ನಮ್ಮನ್ನು ತೊಟ್ಟವರು ನಡೆದರೆ ಗೋಡೆಯ ಮೇಲಿನ ಹನ್ನೆರಡು ಕ್ಯಾಮೆರಾಗಳು ಆ ಗುಂಡುಗಳನ್ನು ಹಿಂಬಾಲಿಸುತ್ತಿದ್ದವು. ಅದೇ ನಡಿಗೆ ಪರದೆಯ ಪಾತ್ರಕ್ಕೆ ಬರುತ್ತಿತ್ತು. ಮೊದಲು ತೊಟ್ಟವಳು ಒಬ್ಬ ನೃತ್ಯಗಾತಿ, ಕಾಲು ಹಗುರ. ಆಮೇಲೆ ಒಬ್ಬ ಓಟಗಾರ. ಅವನ ಸಾಕ್ಸಿನ ಮಾತು ಬೇಡ.

ಮೂರನೆಯ ವರ್ಷ ಕುಸ್ತಿಯ ಗೇಮಿಗಾಗಿ ಪೈಲ್ವಾನ್ ಜವರನಾಯಕರು ಬಂದರು. ವಯಸ್ಸು ಅರವತ್ತೊಂದು. ಅವರ ಗುರು ಕಲಿಸಿದ ಒಂದು ಪಟ್ಟು ಇತ್ತು. ಈಗ ಅದನ್ನು ಬಲ್ಲವರು ಅವರೊಬ್ಬರೇ. ಅದು ಎಲ್ಲಾದರೂ ಉಳಿಯಲಿ ಎಂಬ ಆಸೆಗೆ ಒಪ್ಪಿ ಬಂದಿದ್ದರು.

ಬೆಳಿಗ್ಗೆ ನಮ್ಮನ್ನು ತೊಟ್ಟು, ಕೈ ಚಾಚಿ ನಿಂತರು. ಕಂಪ್ಯೂಟರ್ ಅವರ ಮೈಯ ಅಳತೆ ತೆಗೆದುಕೊಂಡಿತು. ರುಬೀನಾ ನೆಲದ ಮೇಲೆ ಹಳದಿ ಟೇಪಿನಲ್ಲಿ ಒಂದು ಚೌಕ ಮಾಡಿ, “ಇದೇ ನಿಮ್ ಅಖಾಡ, ನಾಯಕ್ರೇ” ಎಂದಳು.

ಅವರು ಅಂಚಿನಲ್ಲೇ ನಿಂತುಬಿಟ್ಟರು. “ಅಖಾಡಕ್ಕೆ ಬೂಟು ಹಾಕ್ಕೊಂಡು ಇಳೀತಾರೇನವ್ವ? ನಮ್ ಗುರು ಇದ್ದಿದ್ರೆ ಕಾಲ್ ಮುರೀತಿದ್ರು!”

ಹೇಳಿ ಪ್ರಯೋಜನವಿಲ್ಲವೆಂದು ರುಬೀನಾ ನಮ್ಮ ಗುಂಡುಗಳನ್ನು ಕಿತ್ತು ಅವರ ಬರಿಗಾಲಿಗೆ ಅಂಟಿಸಿದಳು. ನಮ್ಮನ್ನು ಬಾಗಿಲ ಕಡೆಗೆ ಎಸೆದಳು. ನಾನು ಮಗುಚಿ ಬಿದ್ದೆ. ನಾಯಕರು ಸಿಮೆಂಟು ನೆಲವನ್ನೇ ಮುಟ್ಟಿ ಹಣೆಗೊತ್ತಿಕೊಂಡು ಚೌಕಕ್ಕೆ ಇಳಿದು, ಗುರುವಿನ ಪಟ್ಟು ಹಾಕಿ ತೋರಿಸಿದರು.

ಮಧ್ಯಾಹ್ನ ಎರಡೂಕಾಲು. ಗೇಮನ್ನು ಹೊರತರುವ ಕಂಪನಿಯವರು ಮೂರು ಗಂಟೆಗೆ ನೋಡಲು ಬರುವವರಿದ್ದರು. ಪರದೆಯ ಪೈಲ್ವಾನನ ಭುಜ ಸರಿ, ಕುತ್ತಿಗೆ ಸರಿ. ಪಾದ ಮಾತ್ರ ನಿಲ್ಲದು. ಊರಿದಾಗಲೆಲ್ಲ ಜಾರುತ್ತಿತ್ತು.

“ಏನವ್ವಾ, ಇವ್ನು ಮಣ್ಣಿನ್ ಮೇಲೆ ನಿಂತವ್ನೋ, ಸೋಪಿನ್ ಮೇಲೆ ನಿಂತವ್ನೋ?” ಎಂದರು ನಾಯಕರು.

ಸ್ಟುಡಿಯೋದ ಯಜಮಾನ ಫೀಲಿಕ್ಸರ ಕಪ್ಪು ಶೂಗಳು ನನ್ನ ಮುಂದೆಯೇ ಅತ್ತಿಂದಿತ್ತ ಓಡಾಡುತ್ತಿದ್ದವು. “ಅವರ ಮಂಡಿ ಹೋಗಿದೆ, ರುಬೀನಾ. ವಯಸ್ಸು ನೋಡು. ಇದನ್ನೆಲ್ಲ ತೆಗೆದುಹಾಕು, ರೆಡಿಮೇಡ್ ಚಲನೆ ಹಾಕೋಣ.”

ನನಗೆ ಕಾರಣ ಗೊತ್ತಿತ್ತು. ಕಂಪ್ಯೂಟರ್ ಅವರನ್ನು ಅಳೆದದ್ದು ನನ್ನ ಸಮೇತ. ಚಲನೆ ಹಿಡಿದದ್ದು ನಾನಿಲ್ಲದೆ. ಬೂಟು ಇನ್ನೂ ಕಾಲಲ್ಲಿದೆ ಎಂದೇ ನಂಬಿದ್ದ ಅದಕ್ಕೆ, ಪಾದ ನನ್ನ ಅಟ್ಟೆಯ ದಪ್ಪದಷ್ಟು ನೆಲದೊಳಗೆ ಇಳಿದಂತೆ ಕಾಣುತ್ತಿತ್ತು. ಮೇಲಕ್ಕೆ ತಳ್ಳುತ್ತಿತ್ತು, ತಳ್ಳಿದಾಗ ಪಾದ ಜಾರುತ್ತಿತ್ತು. ನಾಲಗೆಯಿದ್ದೂ ನಾನು ಹೇಳಲಾರೆ.

“ನನ್ ಮಂಡಿ ಅಂದ್ರಾ?” ನಾಯಕರು ಎದ್ದರು. “ಗುರು ಪಟ್ಟು ನನ್ ಜೊತೇಲೇ ಹೋಗ್ಲಿ ಬಿಡಿ.”

ಬಾಗಿಲವರೆಗೆ ಬಂದವರು ನನ್ನನ್ನು ಕಂಡು ನಿಂತರು. “ನೋಡವ್ವ, ಕಾಲ್ಮೆಟ್ಟು ಮಗುಚಿ ಬಿದ್ದೈತೆ. ಜಗಳ ಆಗ್ದೆ ಇರ್ತದಾ?” ಎನ್ನುತ್ತ ಬಗ್ಗಿ ನನ್ನನ್ನೆತ್ತಿದರು.

ರುಬೀನಾ ತಿರುಗಿದಳು. ಅವಳ ಕಣ್ಣು ಅವರ ಕೈಯಲ್ಲಿದ್ದ ನನ್ನ ಅಟ್ಟೆಯ ಮೇಲೆ, ಅಲ್ಲಿಂದ ಅವರ ಬರಿಗಾಲಿನ ಮೇಲೆ ಹೋಯಿತು.

“ಅಯ್ಯೋ! ನಾಯಕ್ರೇ, ಅದನ್ನ ಕೆಳಗಿಡ್ಬೇಡಿ!”

ಅಳತೆಪಟ್ಟಿ ತಂದಳು. ನನ್ನ ಅಟ್ಟೆಯ ದಪ್ಪವನ್ನು ಲೆಕ್ಕದಿಂದ ಕಳೆದಳು. ಕಂಪ್ಯೂಟರ್ ಎಲ್ಲವನ್ನೂ ಮೊದಲಿಂದ ಲೆಕ್ಕ ಹಾಕತೊಡಗಿತು. ಎರಡೂ ಐವತ್ತೊಂದು. ಎರಡೂ ಐವತ್ತಾರು. ಹೊರಗೆ ಕಾರು ನಿಂತ ಸದ್ದು. ನಾಯಕರು ನನ್ನನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದರು.

ಪರದೆಯ ಪೈಲ್ವಾನ ನೆಲ ಮುಟ್ಟಿ ಹಣೆಗೊತ್ತಿಕೊಂಡ. ಎಡಗಾಲು ಊರಿದ. ಪಾದ ಅಲುಗಲಿಲ್ಲ. ಗುರುವಿನ ಪಟ್ಟು ಹಾಕಿದ.

“ಈಗ ನಿಂತ ನೋಡು” ಎಂದರು ನಾಯಕರು, ಬಹಳ ಮೆಲ್ಲಗೆ. ಫೀಲಿಕ್ಸ್ ನಾಯಕರಿಗೆ ಕುರ್ಚಿ ಎಳೆದು ಹಾಕಿ ಬಾಗಿಲು ತೆರೆಯಲು ಹೋದರು.

ಈಗ ನನಗೆ ಲೇಸಿಲ್ಲ. ಜೊತೆಗಾರ ಬಾಯಿ ಬಿಟ್ಟುಕೊಂಡು ಎಂದೋ ಕಸ ಸೇರಿದ. ನಾನು ಕಪಾಟಿನ ಮೂಲೆಯಲ್ಲಿದ್ದೇನೆ. ಯಾರೂ ತೊಡುವುದಿಲ್ಲ. ಪಾದ ಹೊತ್ತು ಮಾಡಿದ ಕೆಲಸ ಯಾರಿಗೂ ನೆನಪಿಲ್ಲ. ಕಾಲಲ್ಲಿ ಇಲ್ಲದೆ ಮಾಡಿದ ತೊಂದರೆಯನ್ನು ಮಾತ್ರ ರುಬೀನಾ ಮರೆತಿಲ್ಲ. ಹೊಸದಾಗಿ ಕೆಲಸಕ್ಕೆ ಬಂದವರ ಕೈಗೆ ಮೊದಲ ದಿನ ನನ್ನನ್ನೇ ಕೊಟ್ಟು ಅಳೆಯಲು ಹೇಳುತ್ತಾಳೆ. ನಿನ್ನೆಯೂ ಒಬ್ಬಳು ಅಳೆದು ಬರೆದುಕೊಂಡಳು: ಹಿಮ್ಮಡಿಯ ಬಳಿ ಅಟ್ಟೆಯ ದಪ್ಪ, ಹತ್ತೊಂಬತ್ತು ಮಿಲಿಮೀಟರ್.