ಸೇತುವೆಯಾಚೆಯ ಹರಾಜು

ಹರಾಜು ಕೂಗುವವನ ನಾಲಿಗೆಗೇ ಲಕ್ವ ಹೊಡೆಯಿತೆಂದರೆ, ಆ ದಿನ ದೇವರಿಗೆ ಬೇರೆ ಕೆಲಸವಿರಲಿಲ್ಲ ಎಂದೇ ಅರ್ಥ. ಅಯೋವಾದ ದನದ ಹರಾಜಿನಲ್ಲಿ ಅರಳು ಹುರಿದಂತೆ ಬೆಲೆ ಕೂಗುತ್ತಿದ್ದ ವರ್ಲಿನ್‌ಗೆ ಹಾಗೇ ಆಗಿತ್ತು.

ಅವನಿಗೆ ಮತ್ತೆ ಮಾತು ಕಲಿಸುತ್ತಿದ್ದ ತೆರೇಸ್ ಇದ್ದದ್ದು ಎರಡು ರಾಜ್ಯಗಳ ಗಡಿಯಾದ ಮಿಸೌರಿ ನದಿಯ ಈಚೆ, ನೆಬ್ರಾಸ್ಕಾದಲ್ಲಿ. ಅವಳ ಲೈಸೆನ್ಸ್ ಸೇತುವೆಯ ನಡುವಿಗೇ ಮುಗಿಯುತ್ತಿತ್ತು. ರೋಗಿ ಯಾವ ರಾಜ್ಯದಲ್ಲಿ ಕೂತಿರುತ್ತಾನೋ ಆ ರಾಜ್ಯದ ಲೈಸೆನ್ಸೇ ಬೇಕು. ಫೋನಿನ ವಿಡಿಯೊದಲ್ಲಿ ಪಾಠ ಹೇಳಿದರೂ ಅಷ್ಟೇ. ತೆರೇಸಳ ಆಸ್ಪತ್ರೆಯೋ ಬಹಳ ದೂರ. ಹಾಗಾಗಿ ವರ್ಲಿನ್‌ನ ಹೆಂಡತಿ ಆರ್ಡಿತ್ ಅವನನ್ನು ಗಾಡಿಯಲ್ಲಿ ಕೂರಿಸಿಕೊಂಡು ಸೇತುವೆ ದಾಟಿ, ಈಚೆ ದಡದ ಪೆಟ್ರೋಲ್ ಬಂಕಿನ ಮುಂದೆ ನಿಲ್ಲಿಸಿ, ಫೋನ್ ಹಿಡಿದು ಕೂರುತ್ತಿದ್ದಳು.

"ಸೇತುವೆ ದಾಟಿದ್ರೆ ಇವ್ನ ನಾಲಿಗೆ ಬೇರೆ ಆಗುತ್ತೇನೇ?" ಎಂದು ಗೊಣಗುವಳು.

"ನನ್ನನ್ನ ಕೇಳ್ಬೇಡಮ್ಮ, ಕಾನೂನು ಮಾಡಿದೋರನ್ನ ಕೇಳು," ಎನ್ನುವಳು ತೆರೇಸ್.

ಕೊನೆಗೂ ಲೈಸೆನ್ಸಿನ ಬಗ್ಗೆ ರಾಜ್ಯಗಳ ನಡುವಿನ ಒಪ್ಪಂದ ಜಾರಿಗೆ ಬಂತು. ಅಯೋವಾದಲ್ಲೂ ಕೆಲಸ ಮಾಡುವ ಹಕ್ಕು ಸಿಕ್ಕಿದ್ದೇ ತಡ, ತೆರೇಸ್ ಹರಾಜಿನ ಕಟ್ಟಡಕ್ಕೆ ಓಡಿದಳು. ಅಂದು ವರ್ಲಿನ್‌ಗೆ ಪರೀಕ್ಷೆ. ಒಂದು ದನವನ್ನಾದರೂ ಮಾರಿ ತೋರಿಸಿದರೆ ಮೈಕ್ ಅವನದೇ. ಇಲ್ಲದಿದ್ದರೆ ಯಜಮಾನ ಹೊಸಬನಿಗೆ ಕೊಟ್ಟುಬಿಡುತ್ತಾನೆ.

ಕೆಂಪು ಕಡಸೊಂದು ಒಳಗೆ ಬಂತು. ವರ್ಲಿನ್ ಬೆಲೆ ಕೂಗಿದ, ಏರಿಸಿದ, ಥಟ್ಟನೆ ನಿಂತುಬಿಟ್ಟ. ಬಾಯಿ ತೆರೆದೇ ಇತ್ತು, ಮಾತಿಲ್ಲ. ರೈತರು ತಂತಮ್ಮ ಬೂಟು ನೋಡಿಕೊಂಡರು. ತೆರೇಸ್ ಪಾಠದಲ್ಲಿ ಮಾಡುತ್ತಿದ್ದಂತೆ ಕೈ ಎತ್ತಿ ತಾಳ ಹಾಕಿದಳು. ವರ್ಲಿನ್ ಆ ಕೈಯನ್ನೇ ನೋಡಿದ. ನಾಲಿಗೆ ಬಿಚ್ಚಿತು, ಬೆಲೆ ಓಡತೊಡಗಿತು. ಖುಷಿ ತಡೆಯಲಾರದೆ ಅವಳು ಇನ್ನೂ ಜೋರಾಗಿ ಕೈಯಾಡಿಸಿದಳು. ಬೆಲೆ ಏರಿದಂತೆ ಕೊಳ್ಳಲು ಬಂದವರೆಲ್ಲ ಒಬ್ಬೊಬ್ಬರಾಗಿ ಹಿಂದೆ ಸರಿದರು.

"ಮಾರಾಟವಾಯ್ತು!" ಸುತ್ತಿಗೆ ಬಿತ್ತು. "ಆ ನೀಲಿ ಕೋಟಿನ ಮೇಡಂಗೆ!"

"ಅಯ್ಯೋ, ನಾನೆಲ್ಲಿ ಕೊಂಡೆ? ತಾಳ ಹಾಕ್ತಿದ್ದೆ ಅಷ್ಟೇ!"

"ಹರಾಜಲ್ಲಿ ಕೈ ಎತ್ತಿದ್ರೆ ಕೊಂಡ ಹಾಗೇ ಕಣಮ್ಮ," ಪಕ್ಕದ ಮುದುಕ ನಕ್ಕ. "ಇಲ್ಲಿ ನಾವು ನೊಣ ಓಡಿಸೋಕೂ ಕೈ ಎತ್ತಲ್ಲ."

ತೆರೇಸಳಿಗೂ ನಗು ಬಂತು. "ಆಗ್ಲಿ ಬಿಡಿ, ಇವತ್ತೇ ಮನೆಗೆ ಹೊಡ್ಕೊಂಡು ಹೋಗ್ತೀನಿ!"

ವರ್ಲಿನ್ ಮೈಕಿಗೆ ಬಾಗಿದ. ಈ ಸಲ ತಾಳವೂ ಬೇಕಾಗಲಿಲ್ಲ.

"ಆಗಲ್ಲ ಮೇಡಂ. ಸೇತುವೆ ದಾಟೋಕೆ ಲೈಸೆನ್ಸ್ ಬಂದಿರೋದು ನಿಮ್ಗೆ, ದನಕ್ಕಲ್ಲ. ದನದ ಡಾಕ್ಟರು ನೋಡ್ಬೇಕು, ಸರ್ಟಿಫಿಕೇಟ್ ಕೊಡ್ಬೇಕು, ಆಮೇಲೆ..."

"ಸಾಕು, ಬಾಯಿ ಮುಚ್ಚು ಮಾರಾಯ!" ಆರ್ಡಿತ್ ಹಿಂದಿನ ಸಾಲಿನಿಂದ ಕೂಗಿದಳು. ಗಂಡನಿಗೆ ಆ ಮಾತು ಹೇಳಿ ವರ್ಷವೇ ಆಗಿತ್ತು. ಹೇಳಿದ್ದೇ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು.