ದಾನಮ್ಮ ಬರುವ ಹೊತ್ತಿನ ಗೆರೆ

ನಮ್ಮ ಮನೆಯಲ್ಲಿ ದನಿ ಎತ್ತುವವಳು ನಾನೊಬ್ಬಳೇ. ಅತ್ತೆ ಪಂಕಜಮ್ಮನವರು ಪಿಸುಮಾತಿನಲ್ಲೇ ಮನೆ ಆಳುವವರು. ಮಾವ ಚಕ್ರಪಾಣಿಯವರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಗದರಿಸಬೇಕಾದದ್ದನ್ನೆಲ್ಲ ಅಲ್ಲೇ ಗದರಿಸಿ ಮುಗಿಸಿ ಬಂದಿದ್ದಾರೆ. ನನ್ನ ಗಂಡ ಶ್ರೀಶನಿಗೆ ಬಾಯಿ ಇದೆ ಎಂದು ಗೊತ್ತಾಗುವುದು ಊಟದ ಹೊತ್ತಿನಲ್ಲಿ ಮಾತ್ರ. ಹಾಗಾಗಿ ಬಸವೇಶ್ವರನಗರದ ನಮ್ಮ ಬೀದಿಗೆ ಸಲ್ಲಬೇಕಾದ ಮಾತನ್ನೆಲ್ಲ ನಾನೇ ಆಡಬೇಕು. ಆಡಿದಾಗೆಲ್ಲ ಅತ್ತೆ ಒಳಗಿನಿಂದ ಓಡಿಬಂದು, "ರಾಗಿಣಿ, ಸ್ವಲ್ಪ ಮೆಲ್ಲಗೆ ಮಾತಾಡಮ್ಮ, ಮಗು ಬೆಚ್ಚಿಬೀಳತ್ತೆ," ಎನ್ನುತ್ತಾರೆ.

ಮಗು ಎಂದರೆ ನನ್ನ ಮಗಳು ಸ್ಮೃತಿ. ಒಂಬತ್ತು ತುಂಬಿದೆ. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಮಾತಿಲ್ಲ, ಕೂರಲಾಗುವುದಿಲ್ಲ, ಕಣ್ಣು ಅಷ್ಟಕ್ಕಷ್ಟೆ. ಊಟ ಹೊಟ್ಟೆಗೆ ಹಾಕಿದ ಕೊಳವೆಯಲ್ಲಿ. ಗಂಟಲಲ್ಲಿ ಕಟ್ಟುವ ಕಫವನ್ನು ದಿನಕ್ಕೆ ಹಲವು ಸಲ ಮೆಷಿನ್ ಹಚ್ಚಿ ತೆಗೆಯಬೇಕು. ತೆಗೆಯುವವಳು ನಾನು. ಸೆಟೆದುಕೊಂಡ ಕೈಕಾಲನ್ನು ಎಳೆದು ನೀಡುವವಳೂ ನಾನೇ. ಅತ್ತೆ ಹಾಡು ಹೇಳುತ್ತಾರೆ, ಮಾವ ತಲೆ ಸವರುತ್ತಾರೆ. ನೋಯಿಸುವ ಖಾತೆ ಮಾತ್ರ ಪೂರ್ತಿ ನನ್ನದು.

ನೋವಾದರೂ ಅಳಲಾರದ ಹುಡುಗಿ. ಅದಕ್ಕೇ ಡಾಕ್ಟರ್ ಆತ್ರೇಯ ಎದೆಗೆ ಕಟ್ಟುವ ಒಂದು ಪಟ್ಟಿ ಕೊಟ್ಟರು. ವಾರ ಪೂರ್ತಿ ಕಟ್ಟಿದ್ದರೆ ಎದೆಬಡಿತದ ಲಯ ಫೋನಿನಲ್ಲಿ ಗೆರೆಯಾಗಿ ಮೂಡುತ್ತದೆ, ಅವಳಿಗೆ ಯಾವಾಗ ನೆಮ್ಮದಿ, ಯಾವಾಗ ಹಿಂಸೆ ಎಂದು ಒಂದು ಅಂದಾಜು ಸಿಗುತ್ತದೆ ಎಂದರು. ಇನ್ನೂ ಏನೋ ವಿವರಿಸುತ್ತಿದ್ದರು. ಮಾವ, "ಗ್ರಾಫ್ ತಾನೆ ಡಾಕ್ಟ್ರೇ, ಮೂವತ್ತು ವರ್ಷ ಅದನ್ನೇ ಪಾಠ ಮಾಡಿದೀನಿ," ಎಂದು ಅವರ ಬಾಯಿ ಮುಚ್ಚಿಸಿದರು.

ನನಗೆ ತಿಳಿಯಬೇಕಾಗಿದ್ದದ್ದು ಒಂದೇ: ನಾನು ಹತ್ತಿರ ಹೋದರೆ ನನ್ನ ಮಗಳಿಗೆ ಹೆದರಿಕೆಯಾಗುತ್ತದೆಯೇ? ಇದನ್ನು ಯಾರನ್ನೂ ಕೇಳಿರಲಿಲ್ಲ. ಬಾಯಿಬಡುಕಿಯೂ ಕೆಲವು ಮಾತನ್ನು ನುಂಗುತ್ತಾಳೆ.

ಪಟ್ಟಿ ಕಟ್ಟಿದ್ದೇ ತಡ, ಮನೆ ಪರೀಕ್ಷಾ ಕೇಂದ್ರವಾಯಿತು. ಅತ್ತೆ ಮರೆತೇಹೋಗಿದ್ದ ದೇವರನಾಮಗಳನ್ನೆಲ್ಲ ಹುಡುಕಿ ಹುಡುಕಿ ಹಾಡಿದರು. ಮಾವ ಉಸಿರು ಬಿಗಿಹಿಡಿದು ಮಂಚದ ಪಕ್ಕ ಕೂತರು.

"ನೋಡು ಪಂಕಜಾ, ನಾನು ಕೂತಾಗ ಗೆರೆ ಸ್ಕೇಲ್ ಇಟ್ಟು ಎಳೆದ ಹಾಗಿದೆ. ನೀನು ಹಾಡಿದಾಗ ಸ್ವಲ್ಪ ಡೊಂಕು."

"ನಿಮ್ಮ ಫೋನೇ ಡೊಂಕು," ಎಂದು ಅತ್ತೆ ಅಡುಗೆಮನೆಗೆ ಹೋದರು.

ಎರಡನೆಯ ಬೆಳಿಗ್ಗೆ ಎಂದಿನಂತೆ ಸುಂಕದಕಟ್ಟೆಯಿಂದ ಸೊಪ್ಪಿನ ದಾನಮ್ಮ ಬಂದಳು. ಎಂದಿನಂತೆ ನಾನು, "ಇದು ಸೊಪ್ಪಾ, ದನಕ್ಕೆ ಹಾಕೋ ಹುಲ್ಲಾ?" ಎಂದೆ. "ನಿಮ್ಮನೇಲಿ ದನ ಇದ್ರೆ ಹೇಳ್ರವ್ವಾ, ಬೇರೆ ತತ್ತೀನಿ," ಎಂದಳು ಅವಳು. ಜಗಳ ಹದಕ್ಕೆ ಬರುತ್ತಿತ್ತು. ಅಷ್ಟರಲ್ಲಿ ಮಾವ ಫೋನು ಹಿಡಿದು ಗೇಟಿನವರೆಗೆ ಓಡಿಬಂದರು. "ನಿಲ್ಸಮ್ಮ, ನಿಲ್ಸು! ಗೆರೆ ಕುಣೀತಾ ಇದೆ!"

ನೋಡಿದೆ. ನಿಜವಾಗಿಯೂ ಕುಣಿಯುತ್ತಿತ್ತು. ನನ್ನ ದನಿಗೆ ಮಗುವಿನ ಎದೆ ಹೀಗಾಗುತ್ತದೆಯೇ ಎಂದು ಜಗಳ ಅರ್ಧಕ್ಕೇ ಬಿಟ್ಟು ಒಳಗೆ ಬಂದೆ. ಕೇಳದೆ ಇದ್ದ ಪ್ರಶ್ನೆಗೆ ಉತ್ತರ ಸಿಕ್ಕಿತೆಂದುಕೊಂಡೆ.

ಮರುದಿನದಿಂದ ನಾನು ಮೂಕಿಯಾದೆ. ಮಿಕ್ಸಿ ನಿಂತಿತು. ಕುಕ್ಕರಿಗೂ ಕೂಗಲು ಅನುಮತಿ ಇರಲಿಲ್ಲ. ವಾರವೆಲ್ಲ ಪಾತ್ರೆಯಲ್ಲಿ ಬೇಯಿಸಿದ ಅನ್ನ. ತೆಪ್ಪಗೆ ಸೊಪ್ಪು ತೆಗೆದುಕೊಂಡ ನನ್ನನ್ನು ದಾನಮ್ಮ ದಿಟ್ಟಿಸಿ ನೋಡಿ, "ಯಾಕವ್ವಾ, ಮೈಗ್ ಉಷಾರಿಲ್ವಾ?" ಎಂದಳು. ಗೆರೆ ಮಾತ್ರ ಕೊಂಚವೂ ಅಲುಗದೆ ನೆಟ್ಟಗಿತ್ತು. ಮಾವ ಖುಷಿಯಲ್ಲಿ ಮೈಸೂರುಪಾಕು ತಂದರು. ನನ್ನ ಪಾಲನ್ನು ನಾನು ಡಬ್ಬಿಗೇ ವಾಪಸ್ ಹಾಕಿದೆ.

ವಾರ ಕಳೆದು ಫೋನು ನೋಡಿದ ಡಾಕ್ಟರ್ ಹುಬ್ಬು ಗಂಟಿಕ್ಕಿದರು.

"ಮೊದಲೆರಡು ದಿನ ಪರವಾಗಿಲ್ಲ. ಆಮೇಲೇನಾಯ್ತು? ಮಗು ಯಾಕಿಷ್ಟು ಬಿಗಿಯಾಗಿದೆ?"

"ಬಿಗೀನಾ? ನೆಟ್ಟಗಿದೆಯಲ್ಲ ಸಾರ್!" ಎಂದರು ಮಾವ.

"ನೆಟ್ಟಗಿರಬಾರದು ಸಾರ್. ಹಾಯಾಗಿರೋ ಎದೆ ಗಡಿಯಾರದ ಥರ ಹೊಡ್ಕೊಳ್ಳಲ್ಲ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಬಿಡುವು ಹೆಚ್ಚುಕಮ್ಮಿ ಆಗ್ತಾ ಇರಬೇಕು. ಆವತ್ತು ಹೇಳೋಕೆ ಬಂದೆ, ನೀವು ಬಿಡಲಿಲ್ಲ."

ಮೂವತ್ತು ವರ್ಷ ಗ್ರಾಫ್ ಪಾಠ ಮಾಡಿದವರು ತಮ್ಮ ಚಪ್ಪಲಿ ನೋಡಿಕೊಂಡರು. ಡಾಕ್ಟರ್ ಬೆರಳಿನಲ್ಲಿ ಗೆರೆ ಹಿಂದಕ್ಕೆ ಸರಿಸಿದರು. "ಇಲ್ಲಿ ನೋಡಿ, ಎರಡು ಬೆಳಿಗ್ಗೆನೂ ಎಷ್ಟು ಚೆನ್ನಾಗಿ ಕುಣಿದಿದೆ! ಆ ಹೊತ್ತಲ್ಲಿ ಏನ್ ಮಾಡ್ತೀರಿ?"

ಅತ್ತೆ ನೆಲ ನೋಡುತ್ತಾ ಹೇಳಿದರು: "ಸೊಪ್ಪಿನವಳ ಜೊತೆ ಇವಳು ಜಗಳ ಆಡ್ತಾಳೆ."

"ಕಫ ತೆಗೆಯೋವಾಗ?" ಎಂದು ನಾನು ಕೇಳಿಯೇಬಿಟ್ಟೆ. ದನಿ ನನ್ನದೇ ಅನ್ನಿಸಲಿಲ್ಲ.

"ಆಗ ಯಾರಿಗಾದ್ರೂ ಬಿಗಿಯತ್ತೆ ರಾಗಿಣಿಯವ್ರೇ. ಆದ್ರೆ ಮೊದಲೆರಡು ದಿನ ಬೇಗ ಸಡಿಲ ಆಗಿದೆ, ಆಮೇಲೆ ತುಂಬಾ ಹೊತ್ತು ಹಿಡಿದಿದೆ. ಆ ಎರಡು ದಿನ ಜೊತೆಗೆ ಬೇರೆ ಏನಾದ್ರೂ ಮಾಡ್ತಿದ್ರಾ?"

"ಬೈತಾ ಇದ್ದೆ."

"ಮಗೂನಾ?"

"ಕಫಾನ."

ಡಾಕ್ಟರ್ ನಕ್ಕರು. "ಒಂದು ವಾರದ ಗೆರೆ ನೋಡಿ ಗ್ಯಾರಂಟಿ ಕೊಡಲ್ಲ. ಆದ್ರೆ ಅವಳಿಗೆ ಗೊತ್ತಿರೋ ಅಮ್ಮ ಬಾಯಿ ಮಾಡೋ ಅಮ್ಮ. ಮನೆ ಸುಮ್ಮನಾದ್ರೆ ಅಮ್ಮ ಎಲ್ಲಿ ಅಂತ ಹುಡುಕಲ್ವಾ?" ನನಗೆ ಅಲ್ಲೇ ಕೂಗಿಬಿಡಬೇಕು ಅನ್ನಿಸಿತು, ಅಷ್ಟು ಸಂತೋಷವಾಗಿತ್ತು. ಪಟ್ಟಿ ವಾಪಸ್ ಕೊಟ್ಟು ಬಂದೆವು.

ಮಾರನೆಯ ಬೆಳಿಗ್ಗೆ ದಾನಮ್ಮ ಬರಲಿಲ್ಲ. ನಂಟರ ಮದುವೆಯಂತೆ. ಅತ್ತೆ ಗೇಟಿಗೂ ಕೋಣೆಗೂ ಓಡಾಡಿ ಕೊನೆಗೆ ನನ್ನ ಮುಂದೆ ಬಂದು ನಿಂತರು.

"ಅವಳು ಬರಲ್ವಂತೆ. ಈಗೇನ್ ಮಾಡೋದೇ?"

"ಯಾಕೆ, ನಿನ್ನೆ ಸೊಪ್ಪು ಇದೆಯಲ್ಲ."

"ಸೊಪ್ಪಿಗಲ್ಲ ಕಣೇ, ಬೈಯೋಕೆ! ಮಾವನ್ನ ಬೈಯಿ, ಅವರು ಒಪ್ಪಿದಾರೆ."

ಮಾವ ಆಗಲೇ ಸ್ಮೃತಿಯ ಮಂಚದ ಪಕ್ಕ ಕೈಕಟ್ಟಿ ನಿಂತಿದ್ದರು. "ಕಾಫಿ ಲೋಟ ಕಿಟಕಿ ಮೇಲೆ ಬಿಟ್ಟಿದೀನಮ್ಮ. ಒದ್ದೆ ಟವಲ್ಲು ಹಾಸಿಗೆ ಮೇಲಿದೆ. ಸಾಕಾ?"

ಬಾಯಿ ತೆರೆದೆ. ಬೈಗುಳ ಬರಲಿಲ್ಲ, ಅಳು ಬಂತು.

"ಅಳೋದಲ್ಲ, ಬೈಯೋದು!" ಎಂದು ಅತ್ತೆ ಜನ್ಮದಲ್ಲೇ ಮೊದಲ ಸಲ ಬೀದಿಗೆ ಕೇಳುವಂತೆ ಕೂಗಿದರು.

ಮೂಗು ಒರೆಸಿಕೊಂಡು ಶುರು ಮಾಡಿದೆ. "ಅಲ್ಲ ಮಾವ, ಲೋಟ ಅಲ್ಲೇ ಒಣಗಿದ್ರೆ ತಿಕ್ಕೋದು ಯಾರು, ನಿಮ್ಮ ಸ್ಟೂಡೆಂಟ್ಸ್ ಬರ್ತಾರಾ?" ಲೋಟದಿಂದ ಟವಲ್ಲಿಗೆ, ಟವಲ್ಲಿನಿಂದ ಮೈಸೂರುಪಾಕಿಗೆ, ಅಲ್ಲಿಂದ ನೆಟ್ಟಗಿನ ಗೆರೆಗೆ ಬಂದೆ. ಸ್ಮೃತಿಯ ಮುಷ್ಟಿ ಬಿಚ್ಚಿಕೊಂಡಿತೋ ಇಲ್ಲವೋ ನಾನು ತಿರುಗಿ ನೋಡಲಿಲ್ಲ. ಬೈಯುವುದು ಇನ್ನೂ ಬಹಳ ಬಾಕಿ ಇತ್ತು.