ಹಾಳೆಯ ಹೊರಗೆ ಬಿದ್ದ ಹೆಸರು

ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟಾ ಸಂಶಯಪ್ರಾಣಿ. ನಾನೊಂದು ಮೌಸು. ನನಗಿರುವುದು ಒಂದೇ ಕಣ್ಣು, ಅದೂ ಹೊಟ್ಟೆಯ ಕೆಳಗೆ. ಆ ಕೆಂಪು ಕಣ್ಣಿನಿಂದ ಮೇಜನ್ನು ದಿಟ್ಟಿಸುತ್ತ, ಈಗ ಎಲ್ಲಿದ್ದೆ, ಈಗ ಎಲ್ಲಿಗೆ ಬಂದೆ ಎಂದು ಕ್ಷಣಕ್ಷಣಕ್ಕೂ ವಿಚಾರಿಸಿಕೊಳ್ಳುವುದೇ ನನ್ನ ಕಸುಬು. ಹೀಗೆ ಬದುಕುವ ಜೀವಕ್ಕೆ ಯಾರ ಮೇಲೆ ತಾನೆ ನಂಬಿಕೆ ಬಂದೀತು?

ಯಾವುದೋ ದೂರದ ಕಾರ್ಖಾನೆಯಲ್ಲಿ ಸಾವಿರಾರು ಒಡಹುಟ್ಟಿದವರ ಜೊತೆ ಹುಟ್ಟಿದೆ. ಎರಡು ಗುಂಡಿ, ನಡುವೆ ಒಂದು ಚಕ್ರ, ಹಿಂದೆ ಉದ್ದನೆಯ ವೈರು, ಇಷ್ಟೇ ನನ್ನ ಆಸ್ತಿ. ರಟ್ಟಿನ ಪೆಟ್ಟಿಗೆಯಲ್ಲಿ ಕುಳಿತು ಹುಬ್ಬಳ್ಳಿಗೆ ಬಂದೆ, ಅಲ್ಲಿಂದ ಗದಗ-ಬೆಟಗೇರಿಯ ಏಕನಾಥಸಾ ಅವರ ಪ್ರಿಂಟಿಂಗ್ ಪ್ರೆಸ್ಸಿಗೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಖಾರದಪುಡಿಯ ಚೀಟಿ ಎಲ್ಲ ಅಲ್ಲಿ ತಯಾರಾಗುತ್ತಿದ್ದವು. ಒಳಗಿನ ಕೋಣೆಯಲ್ಲಿ ಕಂಪ್ಯೂಟರು, ಹೊರಗೆ ಗಲ್ಲಾಪೆಟ್ಟಿಗೆಯ ಮುಂದೆ ಏಕನಾಥಸಾ, ನಡುವೆ ಒಂದು ಹಸಿರು ಪರದೆ ಬಟ್ಟೆ.

ನನ್ನನ್ನು ಮೊದಲು ಹಿಡಿದವನು ಡಿಸೈನರ್ ಗುರುಪಾದಪ್ಪ. ಒಂಬತ್ತು ವರ್ಷ ಅವನ ಅಂಗೈ ನನ್ನ ಬೆನ್ನ ಮೇಲಿತ್ತು. ಶೇಂಗಾ ಚಟ್ನಿಯ ವಾಸನೆಯ, ಬೆಚ್ಚಗಿನ, ದಪ್ಪ ಅಂಗೈ. ದಿನಾ ಬೆಳಿಗ್ಗೆ ತನ್ನ ಅಂಗಿಯ ತುದಿಯಿಂದ ನನ್ನನ್ನು ಒರೆಸಿಯೇ ಕೆಲಸಕ್ಕೆ ಕೂರುತ್ತಿದ್ದ. ಅವನಿಗೆ ನನ್ನನ್ನು ಬಿಟ್ಟರೆ ಗತಿಯಿರಲಿಲ್ಲ. ಚಿತ್ರ ದೊಡ್ಡದು ಮಾಡಬೇಕೆ? ಮೂಲೆಗೆ ಹೋಗಿ ಭೂತಗನ್ನಡಿ ಒತ್ತು, ವಾಪಸ್ ಬಾ, ಟಿಕ್ ಟಿಕ್ ಟಿಕ್. ಪತ್ರಿಕೆಯ ಮೇಲಿನ ಗಣಪತಿಯಿಂದ ಕೆಳಗಿನ "ಸುಖಾಗಮನ ಬಯಸುವವರು" ತನಕ ಇಳಿಯಬೇಕೆ? ಪಕ್ಕದ ಪಟ್ಟಿ ಹಿಡಿದು ಎಳೆ, ಮೇಜಿನ ಅಂಚು ಬಂತು, ಎತ್ತು, ಮತ್ತೆ ಇಡು, ಮತ್ತೆ ಎಳೆ. ದಾರಿ ತಪ್ಪಿತೋ, ಮತ್ತೆ ಮೊದಲಿನಿಂದ. ನನಗೆ ಬೇಜಾರಿರಲಿಲ್ಲ. ಇಡೀ ಅಂಗಡಿ ನನ್ನ ಮೇಲೆ ನಡೆಯುತ್ತಿದೆ ಎಂಬ ಕೋಡು ಬೇರೆ ನನಗೆ.

ಆ ಕೋಡಿಗೆ ಕಾರಣವೂ ಇತ್ತು. ಏಕನಾಥಸಾ ಅವರಿಗೆ ಕಂಪ್ಯೂಟರ್ ಬರುತ್ತಿರಲಿಲ್ಲ. ಪರದೆ ಬಟ್ಟೆಯ ಆಚೆ ಕೂತು ಅವರು ಕೇಳಿಸಿಕೊಳ್ಳುತ್ತಿದ್ದದ್ದು ನನ್ನ ಸಪ್ಪಳ. ಟಿಕ್ ಟಿಕ್ ಎಂದರೆ ಕೆಲಸ ನಡೆದಿದೆ. ಸಪ್ಪಳ ನಿಂತರೆ, "ಯಾಕ ಗುರುಪಾದಪ್ಪ, ನಿದ್ದಿ ಹತ್ತಿತೇನು?" ಎನ್ನುವರು. ಅವನೂ ಕಡಿಮೆಯವನಲ್ಲ. ಚಹಾ ಕುಡಿಯುವಾಗ ಎಡಗೈಯಲ್ಲಿ ಬಸಿ, ಬಲಗೈಯಲ್ಲಿ ನಾನು. ಖಾಲಿ ಜಾಗದಲ್ಲಿ ಸುಮ್ಮನೆ ಟಿಕ್ ಟಿಕ್ ಎನಿಸುತ್ತಿದ್ದ. ನನಗೆ ಗೊತ್ತಿತ್ತು. ಆದರೂ ಅವನ ಮೇಲೆ ಸಂಶಯಪಡಬೇಕು ಎಂದು ಅನಿಸಲೇ ಇಲ್ಲ.

ಕೆಲಸ ಬಿಡುವ ಹಿಂದಿನ ವಾರ ಅವನು ಒಂದು ಪೆನ್‌ಡ್ರೈವ್ ಚುಚ್ಚಿ, ಬಾರ್ಡರು, ಬಳ್ಳಿ, ಕಲಶ, ನವಿಲು ಎಲ್ಲವನ್ನೂ ನನ್ನಿಂದ ಎಳೆಸಿ ಎಳೆಸಿ ಅದರೊಳಗೆ ಹಾಕಿಸಿದ. ಪಾಪ, ತನ್ನ ಕೈಕೆಲಸದ ನೆನಪು ಒಯ್ಯುತ್ತಿದ್ದಾನೆ ಎಂದುಕೊಂಡೆ. ಆಮೇಲೆ ಸೊಲ್ಲಾಪುರದ ಮಗಳ ಮನೆಗೆ ಹೊರಟುಹೋದ.

ಅವನ ಕುರ್ಚಿಗೆ ಅನಸೂಯಾ ಬಂದಳು. ನಲವತ್ತರ ಹತ್ತಿರದ ಹೆಂಗಸು, ಬೇರೆ ಊರಿನ ಪ್ರೆಸ್ಸಿನಲ್ಲಿ ಹನ್ನೊಂದು ವರ್ಷ ದುಡಿದವಳು. ಬಂದವಳೇ ಮಾಡಿದ ಮೊದಲ ಕೆಲಸವೆಂದರೆ ನನ್ನನ್ನು ಎತ್ತಿ ಕೀಬೋರ್ಡಿನ ಎಡಕ್ಕೆ ಇಟ್ಟದ್ದು. ಎಡಕ್ಕೆ! ಅಂದೇ ನನ್ನ ತಲೆಯಲ್ಲಿ ಹುಳ ಹೊಕ್ಕಿತು.

ಇವಳ ಕೆಲಸದ ರೀತಿಯೇ ಬೇರೆ. ಒಂದು ಕೀಲಿ ಒತ್ತಿದಳೋ, ಇಡೀ ಚಿತ್ರ ಕಣ್ಣ ಮುಂದೆ. ಇನ್ನೊಂದು ಒತ್ತಿದಳೋ, ಆರಿಸಿದ ಒಂದೇ ಒಂದು ಅಕ್ಷರ ಕಂಪ್ಯೂಟರ್ ಪರದೆ ತುಂಬ. ಬಾಣದ ಕೀಲಿಗಳಿಂದ ಹಾಳೆಯನ್ನೇ ಅತ್ತಿತ್ತ ಸರಿಸುವಳು. ನನ್ನ ಚಕ್ರವನ್ನು ಎಡಗೈ ಬೆರಳಿನಿಂದ ಒಂದೇ ಸುತ್ತು ತಿರುಗಿಸುವಳು, ಪರದೆಯ ಮೇಲಿನ ನನ್ನ ಬಾಣ ಎಲ್ಲಿ ನಿಂತಿದೆಯೋ ಸರಿಯಾಗಿ ಅಲ್ಲಿಗೇ ಚಿತ್ರ ಹಿಗ್ಗುವುದು. ಗುರುಪಾದಪ್ಪನಿಗೆ ಅರ್ಧ ದಿನ ಹಿಡಿಯುತ್ತಿದ್ದ ತಿದ್ದುಪಡಿ ಹತ್ತೂವರೆಗೆ ಮುಗಿದಿರುತ್ತಿತ್ತು. ಮೆಚ್ಚಬೇಕಿತ್ತು ನಾನು. ಬದಲಿಗೆ, ಇಷ್ಟು ಅವಸರ ಯಾಕೆ, ನಾನು ನೋಡಬಾರದ್ದೇನಿದೆ ಇಲ್ಲಿ ಎಂದು ಲೆಕ್ಕ ಹಾಕುತ್ತ ಕುಳಿತೆ. ಮೈಮೇಲೆ ಸದಾ ಮಣಿಕಟ್ಟು ದಾಟುವ ತೋಳಿನ ಕುಪ್ಪಸ. ಎಡಗೈ ತುಂಬ ಹಸಿರು ಬಳೆ, ಬಲಗೈಯಲ್ಲಿ ಒಂದೇ ಒಂದು. ಏನನ್ನೋ ಮುಚ್ಚಿಡುವ ಹೆಂಗಸು ಎಂದು ತೀರ್ಮಾನಿಸಿಬಿಟ್ಟೆ.

ಪರದೆ ಬಟ್ಟೆಯ ಆಚೆಯೂ ಅದೇ ಹುಳ ಕೊರೆಯುತ್ತಿತ್ತು. ಟಿಕ್ ಟಿಕ್ ಸಪ್ಪಳವೇ ಇಲ್ಲ! ಏಕನಾಥಸಾ ಮೊದಲು ಕೆಮ್ಮಿದರು, ಆಮೇಲೆ ನೆಪ ಮಾಡಿಕೊಂಡು ಒಳಗೆ ಇಣುಕಿದರು. ಪ್ರತಿ ಸಲವೂ ಪರದೆಯ ಮೇಲೆ ಬೇರೆಯೇ ಚಿತ್ರ. ಆ ವಾರವೇ ಎದುರು ಸಾಲಿನ ಪ್ರೆಸ್ಸಿನವನು ಅಚ್ಚು ಹಾಕಿದ ಲಗ್ನಪತ್ರಿಕೆಯೊಂದು ಅವರ ಕೈಗೆ ಬಂತು. ಅದರ ಸುತ್ತ ನಮ್ಮ ಅಂಗಡಿಯ ಮಾವಿನಕಾಯಿ ಬಾರ್ಡರು, ಒಂದು ಎಸಳೂ ವ್ಯತ್ಯಾಸವಿಲ್ಲ.

"ಇದು ನಮ್ಮದಲ್ಲೇನವಾ?" ಎಂದು ಪತ್ರಿಕೆಯನ್ನು ಅವಳ ಮುಂದೆ ಹಿಡಿದರು.

"ಹೌದ್ರಿ ಮಾಲಕರ, ನಮ್ಮದ ಐತಿ."

"ಅಲ್ಲಿಗೆ ಹೆಂಗ ಹೋತು?"

"ನನಗೇನ್ರಿ ಗೊತ್ತು? ನಾ ಬಂದು ಇನ್ನಾ ಎರಡು ತಿಂಗಳಾಗಿಲ್ಲ."

"ನೀ ಬಂದ ಮ್ಯಾಲೆ ಹೋಗೇತಿ, ಅದಕ್ಕ ಕೇಳಾಕತ್ತೇನಿ." ಏಕನಾಥಸಾ ದನಿ ಏರಿಸುವವರಲ್ಲ, ಆದರೆ ಮುಖ ಬಿಗಿದಿತ್ತು. "ನೋಡು ಅನಸೂಯಾ, ಆ ಗುಂಡಿ ಒತ್ತಿ ಈ ಗುಂಡಿ ಒತ್ತಿ ಹಾರಿಸೂದು ನನಗ ತಿಳಿಯಂಗಿಲ್ಲ. ಇವತ್ತಿನಿಂದ ಮೌಸ್ ಹಿಡದ ಕೆಲಸ ಆಗಬೇಕು. ನನಗ ಸಪ್ಪಳ ಕೇಳಬೇಕು. ಮತ್ತ ಬಲಗೈಲೆ ಹಿಡಿ. ಲಗ್ನಪತ್ರಿಕಿ ಎಡಗೈಲೆ ಮಾಡ್ತಾರೇನು? ಮಂದಿ ನೋಡಿದ್ರ ಏನಂದಾರು? ಆಗೂದಿಲ್ಲಂದ್ರ ಹೇಳು, ಬ್ಯಾರೆಯವರನ್ನ ನೋಡ್ಕೋತೇನಿ."

ಅವಳು ಕುಪ್ಪಸದ ಬಲತೋಳನ್ನು ಇನ್ನಷ್ಟು ಕೆಳಕ್ಕೆ ಎಳೆದುಕೊಂಡಳು. "ಆತ್ರಿ," ಎಂದಳು. ನನ್ನನ್ನು ಎತ್ತಿ ಬಲಕ್ಕೆ ಇಟ್ಟಳು. ಸತ್ಯ ಹೇಳಬೇಕೆಂದರೆ ನಾನು ಒಳಗೊಳಗೇ ಕುಣಿದಾಡಿದೆ.

ಆ ಕುಣಿತ ಮಧ್ಯಾಹ್ನದ ತನಕವೂ ಉಳಿಯಲಿಲ್ಲ. ಅವಳ ಬಲಗೈ ನನ್ನ ಮೇಲೆ ಕೂತಾಗ ಮೊದಲು ಮೂಗಿಗೆ ಹೊಡೆದದ್ದು ನೋವಿನ ಎಣ್ಣೆಯ ಘಾಟು. ತೋಳಿನೊಳಗೆ ಬಿಗಿಯಾಗಿ ಸುತ್ತಿದ ಪಟ್ಟಿ. ತೋರುಬೆರಳು ಎಷ್ಟು ಒತ್ತಬೇಕೆಂದು ಅದಕ್ಕೇ ತಿಳಿಯುತ್ತಿರಲಿಲ್ಲ. ಒಮ್ಮೆ ಒತ್ತಬೇಕಾದಲ್ಲಿ ಮೂರು ಸಲ ಒತ್ತುತ್ತಿತ್ತು, ಬಿಡಬೇಕಾದಲ್ಲಿ ಬಿಡುತ್ತಿರಲಿಲ್ಲ. ಊಟದ ಹೊತ್ತಿಗೆ ಅವಳು ತಣ್ಣನೆಯ ಸ್ಟೀಲ್ ತಂಬಿಗೆಗೆ ಮಣಿಕಟ್ಟು ಒತ್ತಿಕೊಂಡು ಕಣ್ಣು ಮುಚ್ಚಿ ಕೂತಳು, ರೊಟ್ಟಿಯನ್ನು ಎಡಗೈಯಿಂದಲೇ ಮುರಿದಳು. ಹಿಂದಿನ ಪ್ರೆಸ್ಸಿನಲ್ಲಿ ಹನ್ನೊಂದು ವರ್ಷ ಗುರುಪಾದಪ್ಪನ ಹಾಗೆಯೇ ಎಳೆದು, ಎತ್ತಿ, ಇಟ್ಟು, ಟಿಕ್ ಟಿಕ್ ಎನಿಸಿದ ಕೈ ಅದು. ಅದನ್ನು ಆ ಗತಿಗೆ ತಂದವನು ನನ್ನ ಒಡಹುಟ್ಟಿದವನೇ ಯಾವನೋ ಇರಬೇಕು. ಆ ಕೀಲಿಗಳೆಲ್ಲ ಅವಸರಕ್ಕೆ ಕಲಿತದ್ದಲ್ಲ, ಉಳಿದ ಕೈಯಲ್ಲಿ ಹೊಟ್ಟೆ ಹೊರೆಯಲು ಕಲಿತದ್ದು. ನನಗೆ ನಾಚಿಕೆಯಾಯಿತು. ಆಚೆಯಿಂದ ಏಕನಾಥಸಾ, "ಹಾಂ, ಈಗ ಸಪ್ಪಳ ಬರಾಕತ್ತೇತಿ ನೋಡು," ಎಂದು ಸಮಾಧಾನದ ದನಿಯಲ್ಲಿ ಹೇಳಿದರು.

ಅದೇ ಹೊತ್ತಿಗೆ ಮುಂಡರಗಿ ಕಡೆಯ ಶಾಂತವೀರಗೌಡರು ಒಂದು ದೊಡ್ಡ ಕೆಲಸ ತಂದರು. ಅವರ ಅಜ್ಜಿಗೆ ನೂರು ತುಂಬುತ್ತಿತ್ತು. ಐದು ತಲೆಮಾರಿನ ವಂಶವೃಕ್ಷ, ಹನ್ನೆರಡು ಅಡಿ ಉದ್ದ, ನಾನೂರಕ್ಕೂ ಮಿಕ್ಕಿ ಹೆಸರು. ಒಂದು ಹೆಸರಿನ ಮೇಲೆ ಬೆರಳಿಟ್ಟು ಗೌಡರು ಅನಸೂಯಾಗೆ ಹೇಳಿದರು: "ಇದು ನನ್ನ ತಂಗಿ, ಚಂಪಾವತಿ. ತನ್ನ ಮನಸಿಗೆ ಬಂದವನನ್ನ ಮದವಿ ಆದ್ಲಂತ ಅಪ್ಪ ಮನಿ ಬಾಗಲಾ ಮುಚ್ಚಿದ್ದ. ಇಪ್ಪತ್ತೆರಡು ವರ್ಷದ ಮ್ಯಾಲೆ ಬರಾಕತ್ತಾಳ. ಮತ್ತೇನು ಬಿಟ್ಟರೂ ಇದೊಂದು ಹೆಸರು ಬಿಡಬ್ಯಾಡವಾ."

ಅನಸೂಯಾ ಮರ ಬರೆದಳು. ಕೊನೆಯ ದಿನ ಇಡೀ ಮರ ಒಮ್ಮೆಗೇ ಕಾಣುವಂತೆ ಚಿಕ್ಕದು ಮಾಡಿಕೊಂಡಿದ್ದಳು, ಹೆಸರುಗಳೆಲ್ಲ ಇರುವೆ ಸಾಲಿನಷ್ಟಾಗಿದ್ದವು. ಹಾಳೆ ಸರಿಸಲೆಂದು ಪಕ್ಕದ ಪಟ್ಟಿಯ ಕಡೆ ನನ್ನನ್ನು ಒಯ್ಯುತ್ತಿದ್ದಾಗ ಆ ಜೋಮು ಹಿಡಿದ ಬೆರಳು ನಡುದಾರಿಯಲ್ಲೇ ಒತ್ತಿಬಿಟ್ಟಿತು. ಕೆಳಗೆ ಸಿಕ್ಕಿದ್ದು ಒಂದು ಹೆಸರು. ಬೆರಳು ಬಿಡಲಿಲ್ಲ, ನಾನು ಸರಿದೆ, ಬಾಣ ಪರದೆಯ ಅಂಚಿಗೆ ತಾಗಿತು, ಪರದೆ ತಾನಾಗಿ ಓಡತೊಡಗಿತು. ಹೆಸರು ಹಾಳೆ ದಾಟಿ, ಅಚ್ಚಾಗದ ಬಿಳಿ ಬಯಲಿಗೆ ಹೋಗಿ ಬಿತ್ತು. ಅವಳು ಪರದೆ ಓಡಿತೆಂದಷ್ಟೇ ತಿಳಿದು ಹಿಂದಕ್ಕೆ ಎಳೆದುಕೊಂಡಳು. ನಾನೂರರಲ್ಲಿ ಒಂದು ಹೋದದ್ದು ಅವಳಿಗೆ ಕಾಣಲಿಲ್ಲ. ನನಗೆ ತಿಳಿದಿತ್ತು. ಬಾಯಿಲ್ಲದ ನಾನು ಏನು ಮಾಡಲಿ?

ಮರುದಿನ ಬೆಳಿಗ್ಗೆ ಗೌಡರು ಬಂದರು. ಅಚ್ಚಿಗೆ ಬಿಡುವ ಮೊದಲು ಕಣ್ಣಾರೆ ನೋಡಬೇಕೆಂದರು. ಏಕನಾಥಸಾ ಅವಳ ಹಿಂದೆ ಕೈಕಟ್ಟಿ ನಿಂತರು. ಎಳೆ, ಎತ್ತು, ಇಡು, ಎಳೆ. ಮೂರನೆಯ ತಲೆಮಾರಿನ ಕೊಂಬೆಗೆ ಬಂದಾಗ ಗೌಡರು ಪರದೆಯ ಮೇಲೆ ಬೆರಳಿಟ್ಟರು. ಅಣ್ಣಂದಿರ ಹೆಸರುಗಳ ಪಕ್ಕ ಒಂದು ಗೆರೆ, ಗೆರೆಯ ತುದಿ ಖಾಲಿ.

"ಚಂಪಾ ಎಲ್ಲಿ?"

ಅನಸೂಯಾ ಹುಡುಕಿದಳು. ಮೇಲೆ, ಕೆಳಗೆ, ಮತ್ತೆ ಮೇಲೆ.

"ನಮ್ಮ ಮನ್ಯಾನ ಯಾರರೆ ಬಂದು ತಗಸೀದ್ರೇನು? ಖರೆ ಹೇಳವಾ," ಎಂದರು ಗೌಡರು. ಅವರ ಸಂಶಯ ಅವರ ಮನೆಯವರ ಮೇಲೆ.

"ಬೇಕಂತ ತಗದಿಯೇನು?" ಎಂದರು ಏಕನಾಥಸಾ. ಅವರ ಸಂಶಯ ಅವಳ ಮೇಲೆ.

ಅನಸೂಯಾ ನನ್ನನ್ನು ಕೈಬಿಟ್ಟಳು. ಕುರ್ಚಿ ಮುಂದಕ್ಕೆ ಎಳೆದುಕೊಂಡು ಎಡಗೈಯಿಂದ ಒಂದೇ ಕೀಲಿ ಒತ್ತಿದಳು, ಹಾಳೆಯ ಒಳಗಿನದು ಹೊರಗಿನದು ಎನ್ನದೆ ಇರುವುದನ್ನೆಲ್ಲ ಒಟ್ಟಿಗೆ ತೋರಿಸುವ ಕೀಲಿ. ಹನ್ನೆರಡು ಅಡಿಯ ಮರ ಗಪ್ಪನೆ ಕುಗ್ಗಿ ಅಂಗೈಯಷ್ಟಾಯಿತು. ಬಲತುದಿಯಲ್ಲಿ, ಬಿಳಿ ಬಯಲಿನಲ್ಲಿ, ಒಂಟಿಯಾಗಿ ಒಂದು ಚುಕ್ಕೆ. ಎಡಗೈಯಲ್ಲಿ ನನ್ನನ್ನು ಹಿಡಿದು ಆ ಚುಕ್ಕೆಯನ್ನು ಆರಿಸಿದಳು, ಇನ್ನೊಂದು ಕೀಲಿ ಒತ್ತಿದಳು. ಪರದೆಯ ತುಂಬ ಹೆಸರು ನಿಂತಿತು: ಚಂಪಾವತಿ.

ಗೌಡರು ಪಕ್ಕದ ಸ್ಟೂಲಿನ ಮೇಲೆ ಕೂತರು. ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ಅಷ್ಟು ದೂರ ಹೆಂಗ ಹೋತದು?" ಏಕನಾಥಸಾ ಮೆಲ್ಲಗೆ ಕೇಳಿದರು.

ಅವಳು ಬಲತೋಳು ಮೇಲಕ್ಕೆ ಸರಿಸಿದಳು. ಪಟ್ಟಿಯ ಕೆಳಗೆ ಮಣಿಕಟ್ಟು ಬಾತುಕೊಂಡಿತ್ತು. "ನಾನ ಎಳದಿರಬೇಕ್ರಿ, ಗೊತ್ತಾಗಿಲ್ಲ. ಈ ಬೆರಳಿಗೆ ಒತ್ತಿದ್ದು ತಿಳಿಯಂಗಿಲ್ರಿ. ಮೊದಲ ಹೇಳಿದ್ರ ಕೆಲಸ ಕೊಡ್ತಿದ್ರೇನ್ರಿ ಮಾಲಕರ?"

ಏಕನಾಥಸಾ ಬಗ್ಗಿ, ತಮ್ಮ ಕೈಯಾರೆ ನನ್ನ ವೈರನ್ನು ಕಿತ್ತರು. "ನಿನಗ ಹೆಂಗ ಬರತೇತಿ ಹಂಗ ಮಾಡವಾ," ಎಂದರು. ಎಡಗೈಗೆ ಹೊಂದುವ ಹೊಸ ಮೌಸು ಸಂಜೆಯೊಳಗೆ ಬಂತು. ವಂಶವೃಕ್ಷ ಅಚ್ಚಾಗಿ ಹೋಯಿತು, ಚಂಪಾವತಿ ಅಣ್ಣಂದಿರ ಪಕ್ಕದಲ್ಲೇ ಇದ್ದಳು.

ಈಗ ನಾನು ಮೇಜಿನ ಖಾನೆಯಲ್ಲಿದ್ದೇನೆ. ಜೊತೆಗೆ ತುಕ್ಕು ಹಿಡಿದ ಬ್ಲೇಡು, ಒಣಗಿದ ಗೋಂದಿನ ಬಾಟಲಿ, ಹಳೆಯ ರಬ್ಬರ್ ಸ್ಟ್ಯಾಂಪು. ಕಣ್ಣು ಆರಿಹೋಗಿದೆ, ಆದರೆ ಕಿವಿ ಚುರುಕಾಗಿದೆ. ಕುಳಿತು ಯೋಚಿಸುತ್ತೇನೆ. ಬೆನ್ನು ಸವರಿದವನನ್ನು ನಂಬಿದೆ, ದೂರ ಇಟ್ಟವಳನ್ನು ಸಂಶಯಿಸಿದೆ. ಎದುರು ಸಾಲಿನವನ ಕೈ ಸೇರಿದ ಆ ಪೆನ್‌ಡ್ರೈವಿಗೆ ಮಾವಿನಕಾಯಿ ಬಾರ್ಡರನ್ನು ಎಳೆದು ಹಾಕಿದ್ದು ಬೇರೆ ಯಾರೂ ಅಲ್ಲ, ನಾನೇ. ಗುರುಪಾದಪ್ಪನ ಕೈ, ನನ್ನ ಗುಂಡಿ.

ನಿನ್ನೆ ಏಕನಾಥಸಾ ಒಳಗೆ ಬಂದರು. ಪ್ರೂಫ್ ನೋಡಿದರು, ಮೆಚ್ಚಿದರು, ಹೋಗಲು ತಿರುಗಿದವರು ಬಾಗಿಲಲ್ಲಿ ನಿಂತರು.

"ಅನಸೂಯಾ, ಸಿಟ್ಟಾಗಬ್ಯಾಡ. ಆ ಮಾವಿನಕಾಯಿ ಬಾರ್ಡರ್... ನೀ ಕೊಟ್ಟಿಲ್ಲಲ್ಲ?"

"ಇಲ್ರಿ ಮಾಲಕರ."

"ಹೂಂ," ಎಂದರು ಅವರು.

ಆ 'ಹೂಂ'ನಲ್ಲಿ ನಂಬಿಕೆಯಿರಲಿಲ್ಲ, ನನಗೆ ಗೊತ್ತಾಗುತ್ತದೆ, ನಾನೂ ಅದೇ ಜಾತಿಯವನು. ಅನಸೂಯಾ ಮತ್ತೆ ಕೀಲಿ ಒತ್ತತೊಡಗಿದಳು. ಯಾರಾದರೂ ಈ ಖಾನೆ ತೆಗೆದು ನನ್ನ ವೈರನ್ನು ಒಮ್ಮೆ ಚುಚ್ಚಿದರೂ ನಾನು ಹೇಳಬಲ್ಲದ್ದು ಟಿಕ್ ಟಿಕ್ ಅಷ್ಟೇ, ಅದನ್ನು ಕೇಳಿ ಏಕನಾಥಸಾ ಕೆಲಸ ನಡೆದಿದೆ ಎಂದುಕೊಳ್ಳುತ್ತಾರೆ.